ಅತ್ತೆ ತಿಂದ ಡೋನಟ್

ನನಗೆ ಸುಮ್ಮನೆ ಕೂರಲು ಬರುವುದಿಲ್ಲ. ಇದನ್ನು ಹೆಚ್ಚುಗಾರಿಕೆಯಿಂದ ಹೇಳುತ್ತಿಲ್ಲ, ಇದೊಂದು ರೋಗ. ಬಸ್ಸಿಗೆ ಕಾಯುವಾಗ ಕೈಚೀಲದ ಜಿಪ್ಪನ್ನು ಹತ್ತು ಸಲ ಎಳೆದು ಮುಚ್ಚುತ್ತೇನೆ. ಒಲೆಯ ಮೇಲೆ ಹಾಲಿಟ್ಟರೆ ಅದು ಕಾಯುವವರೆಗೆ ನಿಲ್ಲಲಾರದೆ ಹಿತ್ತಲಿಗೆ ಹೋಗಿ ಎರಡು ಬಟ್ಟೆ ಹಿಂಡಿ ಬರುತ್ತೇನೆ, ಅಷ್ಟರಲ್ಲಿ ಹಾಲು ಉಕ್ಕಿ ಒಲೆಯ ಪಾಲಾಗಿರುತ್ತದೆ. ಮದುವೆಯಾಗಿ ನೀಲಗಿರಿಯ ಕಟ್ಟಬೆಟ್ಟಿನ ಈ ಮನೆಗೆ ಬಂದ ಮೊದಲ ವಾರದಲ್ಲೇ ಅತ್ತೆ, ಈ ಹುಡುಗಿ ಕಾಲಿಗೆ ಚಕ್ರ ಕಟ್ಟಿಕೊಂಡೇ ಹುಟ್ಟಿದ್ದಾಳೆ ಎಂದಿದ್ದರು. ಹದಿನಾಲ್ಕು ವರ್ಷವಾಯಿತು, ಚಕ್ರ ಇನ್ನೂ ಕಳಚಿಲ್ಲ.

ನಮ್ಮದು ಟೀ ಬೆಳೆಯುವ ಮನೆ. ಎಸ್ಟೇಟು ಎಂದು ಹೇಳಿಕೊಳ್ಳುವಷ್ಟೇನಿಲ್ಲ, ಇಳಿಜಾರಿನಲ್ಲಿ ಮೂರು ತುಂಡು ತೋಟ. ಅತ್ತೆಯ ಮಾವನವರು ಗುಂಡ್ಲುಪೇಟೆ ಕಡೆಯಿಂದ ಆಲೂಗಡ್ಡೆ ಬೆಳೆಯುತ್ತೇವೆಂದು ಬೆಟ್ಟ ಹತ್ತಿದವರು, ಆಮೇಲೆ ಟೀಗೆ ಬದಲಾದರು. ನಾನೂ ಆ ಕಡೆಯಿಂದಲೇ ಬಂದವಳು. ಬೀದಿಯಲ್ಲಿ ತಮಿಳು, ಆಚೆ ಹಟ್ಟಿಯವರ ಜೊತೆ ಅವರ ಬಡಗ ಮಾತು, ಮನೆಯೊಳಗೆ ನಮ್ಮ ಗುಂಡ್ಲುಪೇಟೆ ಕನ್ನಡ. ನಮ್ಮ ಯಜಮಾನರಿಗೆ ಟೀ ಫ್ಯಾಕ್ಟರಿಯಲ್ಲಿ ಕೆಲಸ, ನನಗೆ ಊಟಿಯ ಒಂದು ಶಾಲೆಯ ಆಫೀಸಿನಲ್ಲಿ. ತೋಟ ಪೂರ್ತಿ ಅತ್ತೆಯದು. ಅರವತ್ತೆಂಟು ವಯಸ್ಸಾದರೂ ಎಲೆ ಕೀಳುವವರ ಹಿಂದೆಯೇ ನಿಂತು, ಫ್ಯಾಕ್ಟರಿಯ ವ್ಯಾನು ಬರುವ ಹೊತ್ತಿಗೆ ಚೀಲಗಳನ್ನು ರಸ್ತೆ ಬದಿಯ ಲೀಫ್ ಶೆಡ್ಡಿಗೆ ತಲುಪಿಸುವವರು ಅವರೇ.

ಈ ಮನೆಯಲ್ಲಿ ಮೊಟ್ಟೆ ಹೊಸ್ತಿಲು ದಾಟುವುದಿಲ್ಲ. ಹೊರಗಿನ ವಿಚಾರ ಬೇರೆ. ಯಜಮಾನರು ಕೋತಗಿರಿ ಪೇಟೆಯಲ್ಲಿ ಮೊಟ್ಟೆ ಪಫ್ಸ್ ತಿಂದು, ಬಾಯಿ ಒರೆಸಿಕೊಂಡು, ಕಾಲು ತೊಳೆದು ಒಳಗೆ ಬರುತ್ತಾರೆ, ಬೆಕ್ಕು ಕಣ್ಣು ಮುಚ್ಚಿ ಹಾಲು ಕುಡಿದ ಹಾಗೆ. ನಾನೂ ಮೈಸೂರಿನ ಹಾಸ್ಟೆಲಿನಲ್ಲಿದ್ದಾಗ ಆಮ್ಲೆಟ್ಟಿನ ರುಚಿ ನೋಡಿದವಳೇ. ಅತ್ತೆ ಹಾಗಲ್ಲ. ಕೊರಳಲ್ಲಿ ಬೆಳ್ಳಿಯ ಕರಡಿಗೆ, ಅದರೊಳಗೆ ಲಿಂಗ. ಬೆಳಗಿನ ಪೂಜೆ ಮುಗಿಯದೆ ಒಂದು ತೊಟ್ಟು ಕಾಫಿಯನ್ನೂ ಮುಟ್ಟುವುದಿಲ್ಲ. ಹೊಸ ತಿಂಡಿಯಿರಲಿ, ಆ ವರ್ಷದ ಮೊದಲ ಅವರೆಕಾಯಿಯಿರಲಿ, ಕರಡಿಗೆ ಬಿಚ್ಚಿ ಲಿಂಗವನ್ನು ಎಡ ಅಂಗೈಯಲ್ಲಿಟ್ಟುಕೊಂಡು, ಅದಕ್ಕೆ ತೋರಿಸಿ ಆಮೇಲೆ ಬಾಯಿಗೆ. ಮದುವೆಮನೆಗಳಲ್ಲಿ ಅಡಿಗೆ ಯಾರದು, ಏನೇನು ಹಾಕಿದ್ದಾರೆ ಎಂದು ಕೇಳಿ ತಿಳಿದುಕೊಂಡೇ ಎಲೆಯ ಮುಂದೆ ಕೂರುತ್ತಾರೆ. ನಾನು ತಂದಿಟ್ಟ ತಟ್ಟೆಯನ್ನು ಮಾತ್ರ ಇದರಲ್ಲಿ ಏನಿದೆ ಎಂದು ಒಂದು ದಿನವೂ ಕೇಳಿದವರಲ್ಲ. ಅದು ಎಷ್ಟು ದೊಡ್ಡ ಮಾತು ಎಂದು ಆಗ ನನಗೆ ಗೊತ್ತಿರಲಿಲ್ಲ. ಕೇಳದೆ ಇರುವುದನ್ನು ಯಾರು ಗಮನಿಸುತ್ತಾರೆ?

ಡೋನಟ್ ನಮ್ಮ ಮನೆಗೆ ಬಂದದ್ದು ಗೂಡಲೂರಿನ ಟೀಚರಿಂದ. ಅವರು ನಮ್ಮ ಶಾಲೆಯಲ್ಲಿ ಗಣಿತ ಕಲಿಸುತ್ತಾರೆ, ವಾರವೆಲ್ಲ ಊಟಿಯಲ್ಲಿದ್ದು ಶನಿವಾರ ಗೂಡಲೂರಿನ ಮನೆಗೆ ಇಳಿಯುತ್ತಾರೆ. ಜುಲೈ ತಿಂಗಳ ಒಂದು ಸೋಮವಾರ ಡಬ್ಬಿ ತುಂಬ ಡೋನಟ್ ತಂದಿದ್ದರು. ಬೇಕರಿಯಲ್ಲಿ ಸಿಗುವ ಬನ್ನಿನಂಥ ಮೆತ್ತನೆಯ ಜಾತಿ ಅಲ್ಲ, ಈಸ್ಟ್ ಹಾಕದ ಕೇಕ್ ಡೋನಟ್. ಹೊರಗೆ ಒರಟು ಸಿಪ್ಪೆ, ಮೇಲೆ ಸುತ್ತಲೂ ಒಂದು ಬಿರುಕು, ಕಚ್ಚಿದರೆ ಒಳಗೆ ಉದುರುದುರಾದ ಕೇಕು. ಅವರ ಮನೆಯ ಮರದ ಜಾಯಿಕಾಯಿ ತುರಿದು ಹಾಕಿದ್ದರು, ಆ ವಾಸನೆಗೆ ಸ್ಟಾಫ್ ರೂಮೇ ಬೆಚ್ಚಗಾಗಿತ್ತು. ನಾನು ನಾಚಿಕೆ ಬಿಟ್ಟು ನಾಲ್ಕು ತಿಂದೆ. ಮೈದಾ ಎರಡು ಲೋಟ, ಸಕ್ಕರೆ, ಬೆಣ್ಣೆ, ಮಜ್ಜಿಗೆ, ಎರಡು ಟೀ ಚಮಚ ಬೇಕಿಂಗ್ ಪೌಡರ್, ಎರಡು ಮೊಟ್ಟೆ ಎಂದು ಅವರು ಹಾಜರಿ ಚೀಟಿಯ ಹಿಂದೆ ಬರೆದುಕೊಟ್ಟರು. ಒಂದು ಜಾಯಿಕಾಯಿಯನ್ನೂ ಕೈಯಲ್ಲಿಟ್ಟರು. ಮೊಟ್ಟೆಯ ಸಾಲನ್ನು ನಾನು ಬಸ್ಸಿನಲ್ಲೇ ಪೆನ್ನಿನಿಂದ ಹೊಡೆದು ಹಾಕಿ, ಅದರ ಬದಲು ಗಟ್ಟಿ ಮೊಸರು ಎಂದು ಬರೆದೆ.

ಆ ವಾರ ಬೆಟ್ಟದ ಮೇಲೆ ಗಾಳಿ, ಮಳೆ. ಶಾಲೆಗೆ ರಜೆ ಘೋಷಿಸಿದ್ದರು. ಮನೆಯಲ್ಲಿ ಕೂತು ಕೂತು ನನಗೆ ತಲೆ ಕೆಟ್ಟಿತ್ತು. ಒಣಗದ ಬಟ್ಟೆಯನ್ನು ಒಂದು ಹಗ್ಗದಿಂದ ಇನ್ನೊಂದು ಹಗ್ಗಕ್ಕೆ ಬದಲಾಯಿಸಿದೆ. ಸ್ಟೀಲು ಡಬ್ಬಿಗಳನ್ನೆಲ್ಲ ಇಳಿಸಿ, ತೊಳೆದು, ಮತ್ತೆ ಅಲ್ಲೇ ಇಟ್ಟೆ. ಆಮೇಲೆ ಹಿಟ್ಟು ಕಲಸಿದೆ. ಡೋನಟ್ ಕತ್ತರಿಸಲು ಅಚ್ಚು ಎಲ್ಲಿಂದ ಬರಬೇಕು? ಹೊರಗಿನ ಸುತ್ತಿಗೆ ಸ್ಟೀಲು ಲೋಟ, ನಡುವಿನ ತೂತಿಗೆ ಕೆಮ್ಮಿನ ಔಷಧಿಯ ಬಾಟಲಿಯ ಮುಚ್ಚಳ. ಎಣ್ಣೆಗೆ ಬಿಟ್ಟ ಕೂಡಲೇ ಮೊದಲ ಡೋನಟ್ ಉಬ್ಬಿತು, ಉಬ್ಬಿ ಉಬ್ಬಿ ಬಿರಿಯಿತು, ಬಿರಿದು ಚೂರುಚೂರಾಗಿ ಬಾಣಲೆಯ ತುಂಬ ಹರಡಿತು. ಎತ್ತಿ ಹಿಂಡಿದ್ದರೆ ಒಂದೊಂದು ಚೂರಿನಿಂದಲೂ ಚಮಚ ಎಣ್ಣೆ ಬರುತ್ತಿತ್ತು. ಹಿಟ್ಟು ಸಡಿಲವಾಯಿತೆಂದು ಮಾರನೆಯ ದಿನ ಇನ್ನಷ್ಟು ಮೈದಾ ಹಾಕಿದೆ, ಮತ್ತೆ ಅದೇ ಕತೆ. ಬೇಕಿಂಗ್ ಪೌಡರ್ ಹಳೆಯದು ಎಂದುಕೊಂಡು ಹೊಸ ಡಬ್ಬಿ ತಂದೆ. ಆಗ ಇನ್ನೂ ಜೋರಾಗಿ ಒಡೆಯಿತು.

ಅತ್ತೆ ಬಾಗಿಲಲ್ಲಿ ನಿಂತು ನೋಡುತ್ತಿದ್ದರು. ತೋಟದಲ್ಲಿ ಕೆಲಸವಿಲ್ಲದ ದಿನ ಅವರಿಗೂ ಹೊತ್ತು ಹೋಗಬೇಕಲ್ಲ. ವಡೆ ಎನ್ನೋಣವೆಂದರೆ ಸಿಹಿ, ಕಜ್ಜಾಯ ಎನ್ನೋಣವೆಂದರೆ ತೂತು, ಅಂತೂ ನಿನ್ನ ತಿಂಡಿಗೆ ಜಾತಿ ಸಿಗಲಿಲ್ಲ ಎಂದರು. ಪೌಡರನ್ನು, ಗ್ಯಾಸನ್ನು, ಮಳೆಯನ್ನು ನಾನು ಬೈಯುತ್ತಿದ್ದುದನ್ನು ಕೇಳಿ, ಕುಣಿಯಲಾರದವಳು ನೆಲ ಡೊಂಕು ಅಂದಳಂತೆ ಎಂದು ಸೇರಿಸಿದರು. ಹಾಗೆಂದರೂ ಎಣ್ಣೆ ಸೋರುವ ಆ ಚೂರುಗಳನ್ನು ಕೂತು ತಿಂದರು, ಒಂದನ್ನೂ ಚೆಲ್ಲಲು ಬಿಡಲಿಲ್ಲ. ನನಗೆ ಅವರ ಕುಚೋದ್ಯ ಮಾತ್ರ ಕಿವಿಯಲ್ಲಿ ಉಳಿಯಿತು. ನಾನು ಸೋಲುವುದಕ್ಕೆ ಹೆದರುವವಳಲ್ಲ, ಆದರೆ ಸೋತದ್ದನ್ನು ಒಬ್ಬರು ನಿಂತು ನೋಡುವುದು ನನಗೆ ಸಹಿಸದು.

ಹಾಗಾಗಿ ಮೊಟ್ಟೆ ತಂದೆ.

ಶಾಲೆ ಮತ್ತೆ ಶುರುವಾದ ದಿನ ಊಟಿ ಮಾರುಕಟ್ಟೆಯ ಹಿಂದಿನ ಒಂದು ಅಂಗಡಿಯಲ್ಲಿ, ನಮ್ಮ ಕಡೆಯವರು ಯಾರೂ ಸುಳಿಯದ ಕಡೆ, ಎರಡೇ ಎರಡು ಮೊಟ್ಟೆ. ಅಂಗಡಿಯವನು ಹಳೆಯ ಪೇಪರಿನಲ್ಲಿ ಸುತ್ತಿ ಕೊಟ್ಟ. ಬಟ್ಟೆಯ ಚೀಲದಲ್ಲಿ ಕ್ಯಾರೆಟ್ಟಿನ ನಡುವೆ ಅದನ್ನಿಟ್ಟು, ಚೀಲವನ್ನು ಮಡಿಲಲ್ಲಿಟ್ಟುಕೊಂಡು ಬಸ್ಸಿನಲ್ಲಿ ಕೂತೆ. ಪ್ರತಿ ತಿರುವಿನಲ್ಲೂ ಜೀವ ಕೈಯಲ್ಲಿ. ಪಕ್ಕದಲ್ಲಿ ಕೂತಿದ್ದ ಆಚೆ ಹಟ್ಟಿಯ ಹೆಂಗಸು ಕ್ಯಾರೆಟ್ ಎಷ್ಟಕ್ಕೆ ಸಿಕ್ಕಿತು ಎಂದು ಚೀಲಕ್ಕೆ ಕೈ ಹಾಕಲು ಬಂದಾಗ, ಕೆಳಗೆ ಬಿದ್ದದ್ದನ್ನು ಹೆಕ್ಕುವವಳಂತೆ ಬಗ್ಗಿ ತಪ್ಪಿಸಿಕೊಂಡೆ. ಕಳ್ಳತನದ ಮಾಲಾಗಿದ್ದರೆ ಇಷ್ಟು ಹೆದರುತ್ತಿರಲಿಲ್ಲ.

ಅತ್ತೆಗೆ ತಿನ್ನಿಸಬೇಕೆಂದು ನಾನು ಅದನ್ನು ತಂದಿರಲಿಲ್ಲ. ಇದನ್ನು ಎಷ್ಟು ಸಲ ಹೇಳಿದರೂ ಈಗ ಪ್ರಯೋಜನವಿಲ್ಲ, ಆದರೂ ಹೇಳುತ್ತೇನೆ. ನನ್ನ ಕೈಯದೋ, ಮೊಸರಿನದೋ, ತಪ್ಪು ಯಾವುದರದೆಂದು ತಿಳಿಯಬೇಕಿತ್ತು, ಅಷ್ಟೇ. ಶನಿವಾರ ಮಧ್ಯಾಹ್ನ ಅತ್ತೆ ತೋಟದಲ್ಲಿ, ಯಜಮಾನರು ಫ್ಯಾಕ್ಟರಿಯಲ್ಲಿ. ವ್ಯಾನು ಬರುವುದು ನಾಲ್ಕೂವರೆಗೆ, ಅಲ್ಲಿಯವರೆಗೆ ಅತ್ತೆ ಬರುವುದಿಲ್ಲ. ಬೇಗ ಕರಿದು, ಒಂದು ತಿಂದು ನೋಡಿ, ಉಳಿದದ್ದನ್ನು ಡಬ್ಬಿಗೆ ಹಾಕಿ ಸೋಮವಾರ ಶಾಲೆಗೆ ಒಯ್ಯುವುದು ನನ್ನ ಲೆಕ್ಕ. ಪಾತ್ರೆಯನ್ನೂ ಬೇರೆ ಇಟ್ಟುಕೊಂಡಿದ್ದೆ. ಮೊಟ್ಟೆಯ ಸಿಪ್ಪೆಯನ್ನು ಹಿತ್ತಲಿನ ಹೈಡ್ರೇಂಜಿಯ ಗಿಡದ ಬುಡದಲ್ಲಿ ಹೂತೆ.

ಮೊಟ್ಟೆ ಹಾಕಿದ ಹಿಟ್ಟು ಮಾತು ಕೇಳಿತು. ಎಣ್ಣೆಗೆ ಬಿಟ್ಟರೆ ಒಂದು ಕ್ಷಣ ಮುಳುಗಿ, ಮೇಲೆ ಬಂದು, ನಿಧಾನವಾಗಿ ಊದಿಕೊಂಡು, ಸುತ್ತಲೂ ಒಂದೇ ಸಮನಾದ ಬಿರುಕು ಬಿಟ್ಟಿತು. ಒಡೆಯಲಿಲ್ಲ. ಹನ್ನೊಂದು ಡೋನಟ್ ಕರಿದು ಸಕ್ಕರೆಯಲ್ಲಿ ಹೊರಳಿಸಿದೆ. ಖುಷಿಗೆ ನನ್ನ ಕಾಲು ನೆಲದ ಮೇಲಿರಲಿಲ್ಲ.

ಆಗ ಹಿತ್ತಲ ಬಾಗಿಲು ಸದ್ದಾಯಿತು. ಕೆಳಗಿನ ತುಂಡಿಗೆ ಕಾಟಿಗಳು ಇಳಿದಿದ್ದವಂತೆ. ಕಾಡುಕೋಣ ತೋಟದಲ್ಲಿ ನಿಂತರೆ ಯಾರೂ ಎಲೆಗೆ ಕೈ ಹಾಕುವಂತಿಲ್ಲ. ಕೀಳುವವರನ್ನೆಲ್ಲ ಮನೆಗೆ ಕಳಿಸಿ ಅತ್ತೆ ಮೂರು ಗಂಟೆಗೇ ಬಂದಿದ್ದರು. ಬಂದವರೇ ಮೂಗರಳಿಸಿ, ಕೈಕಾಲು ತೊಳೆದು, ಅಡಿಗೆಮನೆಯ ಮಣೆಯ ಮೇಲೆ ಕೂತು ತಟ್ಟೆಯನ್ನು ಎಳೆದುಕೊಂಡರು. ಒಂದನ್ನು ಎತ್ತಿ ತಿರುಗಿಸಿ ನೋಡಿದರು. ಪರವಾಗಿಲ್ಲವೆ ಎಂದು ನಕ್ಕರು. ಆಮೇಲೆ ಅದನ್ನು ಕೆಳಗಿಟ್ಟು, ಸೆರಗು ಸರಿಸಿ, ಕರಡಿಗೆಯ ದಾರಕ್ಕೆ ಕೈ ಹಾಕಿದರು.

ಅವರ ಬೆರಳುಗಳಲ್ಲಿ ಎಲೆ ಕಿತ್ತು ಕಿತ್ತು ಕಪ್ಪು ಗೆರೆಗಳಾಗಿವೆ, ಚಳಿಗೆ ಮರಗಟ್ಟಿಯೂ ಇದ್ದವು. ಕರಡಿಗೆ ಬೇಗ ಬಿಚ್ಚಲಿಲ್ಲ. ಮುಚ್ಚಳ ತೆಗೆದು, ವಸ್ತ್ರ ಬಿಡಿಸಿ, ಲಿಂಗವನ್ನು ಅಂಗೈಗೆ ತಂದುಕೊಳ್ಳುವಷ್ಟರಲ್ಲಿ ನಾನು ಒಂದು ಮಾತಲ್ಲ, ಹತ್ತು ಮಾತು ಆಡಬಹುದಿತ್ತು. ಅದು ಬೇರೆಯವರಿಗೆ ಎನ್ನಬಹುದಿತ್ತು. ತಟ್ಟೆಯನ್ನು ಕೈತಪ್ಪಿ ಬೀಳಿಸಬಹುದಿತ್ತು. ಹಾಲು ಉಕ್ಕುವವರೆಗೂ ನಿಲ್ಲಲಾರದ ನಾನು ಅವತ್ತು ಕಂಬದ ಹಾಗೆ ನಿಂತೆ. ಅವರು ಡೋನಟ್ಟನ್ನು ಲಿಂಗಕ್ಕೆ ತೋರಿಸಿದರು, ಮುರಿದು ಬಾಯಿಗಿಟ್ಟರು, ಕಣ್ಣು ಮುಚ್ಚಿ ಅಗಿದರು.

"ಈಗ ಬಂತು ನೋಡು. ನಿನ್ ಕೈಗ ಹದ ಸಿಕ್ಬುಡ್ತು ಕನವ್ವ" ಅಂದರು.

ಮದುವೆಯಾದಾಗಿನಿಂದ ನನ್ನ ಅಡಿಗೆಗೆ ಅವರು ಕೊಟ್ಟ ಮೊದಲ ಸರ್ಟಿಫಿಕೇಟು ಅದು. ಅದು ನನ್ನ ಬಾಯಿಗೆ ಬೀಗ ಹಾಕಿತು. ಅವರು ಇನ್ನೊಂದು ತಿಂದರು. ಮಗನಿಗೆ ನಾಲ್ಕು ಎತ್ತಿಟ್ಟರು.

ಅವತ್ತಿನಿಂದ ಶುರುವಾಯಿತು ನನ್ನ ಪಾಡು. ಗಂಟಲಲ್ಲಿ ಬಿಸಿ ತುಪ್ಪ ಸಿಕ್ಕಿಕೊಂಡರೆ ಉಗುಳುವಂತಿಲ್ಲ, ನುಂಗುವಂತಿಲ್ಲ. ಅತ್ತೆ ಲೀಫ್ ಶೆಡ್ಡಿನಲ್ಲಿ ವ್ಯಾನಿಗೆ ಕಾಯುವ ಹೆಂಗಸರಿಗೆಲ್ಲ ಸೊಸೆಯ ತಿಂಡಿಯ ವರ್ಣನೆ ಮಾಡಿದರು. ದಾರಿಯಲ್ಲಿ ಸಿಕ್ಕವರು, ಏನವ್ವ, ತೂತಿನ ತಿಂಡಿ ಬಲು ಚೆನ್ನಾಗಿ ಮಾಡುತ್ತೀಯಂತೆ ಎಂದಾಗಲೆಲ್ಲ ನಾನು ಬಿರುಸಾಗಿ ಹೆಜ್ಜೆ ಹಾಕಿದೆ. ಬೆಳಿಗ್ಗೆ ಅತ್ತೆ ಪೂಜೆಗೆ ಕೂತರೆ ನಾನು ಆ ಕೋಣೆಯ ಮುಂದೆ ಹಾಯದೆ, ಹೊರಗಿನಿಂದ ಸುತ್ತಿ ಅಡಿಗೆಮನೆಗೆ ಹೋಗುತ್ತಿದ್ದೆ. ಆಫೀಸಿನಲ್ಲಿ ಒಂದೇ ರಸೀತಿಯನ್ನು ಮೂರು ಸಲ ಬರೆದೆ. ಯಜಮಾನರಿಗೆ ಹೇಳಿದರೆ ಅವರು ಪೇಪರಿನಿಂದ ತಲೆ ಎತ್ತದೆ, ಹೊಟ್ಟೆಗೆ ಹೋದದ್ದು ಹೋಯಿತು, ಸುಮ್ಮನಿರು, ನಾನು ಏನೂ ಕೇಳಿಲ್ಲ ಎಂದರು. ಆ ಮಾತಿಗೆ ನನಗೆ ಅವರ ಮೇಲೂ ಸಿಟ್ಟು ಬಂತು. ಅವರಷ್ಟು ಸುಲಭವಾಗಿ ಬಾಯಿ ಒರೆಸಿಕೊಳ್ಳಲು ನನಗೇಕೆ ಬರುವುದಿಲ್ಲ ಎಂದೂ ಸಿಟ್ಟು ಬಂತು.

ಹೇಗೋ ದಿನ ತಳ್ಳುತ್ತಿದ್ದೆನೇನೋ. ಆದರೆ ಶ್ರಾವಣ ಬಂತು. ಶ್ರಾವಣದ ಮೊದಲ ಸೋಮವಾರ ನಮ್ಮ ಮನೆಗೆ ಅಯ್ಯನವರು ಬರುತ್ತಾರೆ. ಅವರು ಅತ್ತೆಗೆ ದೀಕ್ಷೆ ಕೊಟ್ಟ ಮನೆತನದ ಜಂಗಮರು, ಕೆಳಗಿನಿಂದ ಬಸ್ಸಿನಲ್ಲಿ ಬಂದು, ಪಾದಪೂಜೆ ಮುಗಿಸಿ, ಊಟ ಮಾಡಿ ಹೋಗುತ್ತಾರೆ. ಅದಕ್ಕೆ ಮುಂಚಿನ ಗುರುವಾರ ಅತ್ತೆ ಅಡಿಗೆಯ ಪಟ್ಟಿ ಹೇಳುತ್ತಾ ಹೋಳಿಗೆ, ಹುಳಿಯನ್ನ, ಕೋಸಂಬರಿ ಎಂದು ಬೆರಳು ಮಡಚಿ, ಕೊನೆಗೆ ನಿನ್ನ ಆ ತೂತಿನ ತಿಂಡಿಯನ್ನೂ ಮಾಡು, ಅಯ್ಯನವರು ಅಂಥದ್ದು ತಿಂದಿರುವುದಿಲ್ಲ ಎಂದರು.

ಗುರುವಾರ ಸಂಜೆ, ಶುಕ್ರವಾರ ಸಂಜೆ ಮೊಟ್ಟೆಯಿಲ್ಲದೆ ಮಾಡಿ ನೋಡಿದೆ. ಮೊಸರು ಹೆಚ್ಚು ಹಾಕಿದೆ, ಬಾಳೆಹಣ್ಣು ಹಿಸುಕಿ ಹಾಕಿದೆ. ಎಲ್ಲ ಒಡೆದವು. ಅತ್ತೆ ಬಾಣಲೆ ನೋಡಿ, ಇದೇನು, ಬಂದ ಹದ ಎಲ್ಲಿ ಹೋಯಿತು ಎಂದರು. ಅವರ ಮಾತಿನಲ್ಲಿ ಈ ಸಲ ಕುಚೋದ್ಯವಿರಲಿಲ್ಲ, ನಿಜವಾಗಿ ನನಗಾಗಿ ಪೇಚಾಡುತ್ತಿದ್ದರು. ನಾನು ಅಲ್ಲಿ ನಿಲ್ಲಲಾರದೆ ಹಿತ್ತಲಿಗೆ ಹೋದೆ.

ಶನಿವಾರ ಬೆಳಿಗ್ಗೆ ಹೇಳಿದೆ. ಅತ್ತೆ ತೋಟಕ್ಕೆ ಹೊರಟು, ಚೀಲ ಮಡಚುತ್ತಾ ಹಿತ್ತಲಲ್ಲಿ ನಿಂತಿದ್ದರು. ಅವರು ಇನ್ನೊಂದು ಹೆಜ್ಜೆ ಹಾಕಿದರೆ ನನಗೆ ಮತ್ತೆ ಧೈರ್ಯ ಬರುವುದಿಲ್ಲ ಎಂದು ಅನ್ನಿಸಿತು.

"ಅತ್ತೆ, ಅವತ್ತು ನೀವು ತಿಂದ್ರಲ್ಲ, ಅದ್ರಲ್ಲಿ ಮೊಟ್ಟೆ ಹಾಕಿದ್ದೆ."

ಅವರು ಮೊದಲು ನಾನು ತಮಾಷೆ ಮಾಡುತ್ತಿದ್ದೇನೆಂದುಕೊಂಡರು. ನನ್ನ ಮುಖ ನೋಡಿ ಚೀಲವನ್ನು ಕೆಳಗಿಟ್ಟರು. ನಾನು ಗಡಿಬಿಡಿಯಲ್ಲಿ ಎಲ್ಲ ಒದರಿದೆ. ಅವರಿಗೆಂದು ಮಾಡಿರಲಿಲ್ಲ, ಶಾಲೆಗೆ ಒಯ್ಯಬೇಕಿತ್ತು, ಕಾಟಿ ಬಂದದ್ದರಿಂದ ಹಾಗಾಯಿತು ಎಂದೆ. ಬೈಯುತ್ತಾರೆಂದು ಕಾದೆ. ಬೈದಿದ್ದರೆ ನಾನೂ ಎರಡು ಮಾತಾಡಿ ಹಗುರಾಗುತ್ತಿದ್ದೆ. ಅವರ ಬಲಗೈ ಮಾತ್ರ ಕರಡಿಗೆಯ ಮೇಲೆ ಹೋಗಿ ಕೂತಿತು.

"ಲಿಂಗಕ್ಕೂ ತೋರ್ಸ್ಬುಟ್ನಲ್ಲವ್ವ" ಅಂದರು. ಆಮೇಲೆ, "ನಾನು ಕರಡ್ಗ ಬಿಚ್ಚೋವಾಗ ನೀನು ಅಲ್ಲೇ ನಿಂತಿದ್ದಲ್ಲ" ಅಂದರು.

ಕಾಟಿ, ಶಾಲೆ, ಡಬ್ಬಿ, ನಾನು ಹೇಳಿದ್ದೆಲ್ಲ ಆ ಒಂದು ಮಾತಿಗೆ ಉದುರಿಹೋಯಿತು. ಹೌದು, ಅಲ್ಲೇ ನಿಂತಿದ್ದೆ.

ಅವರು ಅವತ್ತು ತೋಟಕ್ಕೆ ಹೋಗಲಿಲ್ಲ. ತಣ್ಣೀರಲ್ಲಿ ತಲೆಗೆ ಸ್ನಾನ ಮಾಡಿ, ಲಿಂಗವನ್ನು ತೊಳೆದು, ವಿಭೂತಿ ಹಚ್ಚಿ ಮಧ್ಯಾಹ್ನದವರೆಗೆ ಕೂತರು. ಎರಡು ದಿನ ಹಾಲು, ಬಾಳೆಹಣ್ಣು ಬಿಟ್ಟರೆ ಏನೂ ಮುಟ್ಟಲಿಲ್ಲ. ಹಾಲನ್ನು ತಾವೇ ಕಾಯಿಸಿಕೊಂಡರು. ಸೋಮವಾರ ಅಯ್ಯನವರು ಬಂದಾಗ ನಾನು ಬಾಗಿಲ ಹಿಂದೆ ನೀರಿನ ಚೊಂಬು ಹಿಡಿದು ನಿಂತಿದ್ದೆ. ಈಗ ನನ್ನ ಹೆಸರು ಬರುತ್ತದೆ, ಈಗ ಬರುತ್ತದೆ ಎಂದು ಕಾಯುತ್ತಿದ್ದೆ. ಅತ್ತೆ ಪಾದಕ್ಕೆ ಬಿದ್ದು, "ನನ್ನಿಂದ ಒಂದು ತಪ್ಪು ನಡ್ದೋಯ್ತು ಬುದ್ಧಿ, ತಿನ್ಬಾರದ್ದ ತಿಂದ್ಬುಟ್ಟಿ" ಅಂದರು. ಯಾರು ಕೊಟ್ಟದ್ದು ಎಂದು ಅಯ್ಯನವರು ಕೇಳಲಿಲ್ಲ, ಇವರೂ ಹೇಳಲಿಲ್ಲ. ತಿಳಿಯದೆ ಆದದ್ದು, ಮನಸ್ಸಿಗೆ ಹಚ್ಚಿಕೊಳ್ಳಬೇಡಿ ಎಂದು ಅವರು ಏನೋ ಜಪ ಹೇಳಿಕೊಟ್ಟು ವಿಭೂತಿ ಇಟ್ಟರು. ತಿಳಿಯದೆ ಆದದ್ದು ಎಂಬ ಮಾತು ನನಗೆ ಸಲ್ಲುವುದಲ್ಲ ಎಂದು ಬಾಗಿಲ ಹಿಂದೆ ನನಗೆ ಚೆನ್ನಾಗಿ ತಿಳಿದಿತ್ತು.

ಮಂಗಳವಾರದಿಂದ ಅತ್ತೆ ಮತ್ತೆ ನನ್ನ ಅಡಿಗೆ ಉಂಡರು. ಎಲ್ಲ ಮುಗಿಯಿತು ಎಂದುಕೊಂಡೆ. ಉಪ್ಪಿಟ್ಟಿನ ತಟ್ಟೆ ಮುಂದಿಟ್ಟಾಗ ಅವರು ತಲೆ ಎತ್ತಿ ಕೇಳಿದರು.

"ಇದ್ರೊಳಗ ಏನೇನ್ ಹಾಕಿದ್ದೀಯವ್ವ?"

ಕೊಂಕಿನಿಂದ ಕೇಳಲಿಲ್ಲ. ಮದುವೆಮನೆಯಲ್ಲಿ ಅಡಿಗೆಯವರನ್ನು ಕೇಳುವ ಹಾಗೆ, ಮರ್ಯಾದೆಯಿಂದಲೇ ಕೇಳಿದರು. ರವೆ, ಈರುಳ್ಳಿ, ಸಾಸಿವೆ ಎಂದು ಹೇಳಿದೆ. ಆಮೇಲೆ ತಿಂದರು. ಮಧ್ಯಾಹ್ನ ಸಾರಿಗೂ ಕೇಳಿದರು. ಮಾರನೆಯ ದಿನ ಮುದ್ದೆಗೂ ಕೇಳಿದರು. ಮುದ್ದೆಯಲ್ಲಿ ರಾಗಿ, ನೀರು ಬಿಟ್ಟು ಇನ್ನೇನಿರುತ್ತದೆ ಎಂದು ನಾನು ಒಂದು ದಿನ ಸಿಡುಕಿದೆ. ಅವರು ನಾನು ಹೇಳುವವರೆಗೆ ಕೈ ತಟ್ಟೆಯ ಅಂಚಿನಲ್ಲಿಟ್ಟುಕೊಂಡು ಕಾದರು. ರಾಗಿ, ನೀರು ಎಂದೆ. ಉಂಡರು. ಬೇರೆ ಯಾವುದರಲ್ಲೂ ವ್ಯತ್ಯಾಸವಿರಲಿಲ್ಲ. ಚಳಿಗೆ ಸ್ವೆಟರ್ ಹಾಕಿಕೋ ಎನ್ನುತ್ತಿದ್ದರು, ಬಸ್ಸು ತಡವಾದರೆ ರಸ್ತೆಗೆ ಬಂದು ನಿಲ್ಲುತ್ತಿದ್ದರು. ತಟ್ಟೆಯ ಮುಂದೆ ಮಾತ್ರ ನಾನು ಬಾಡಿಗೆಗೆ ಬಂದ ಅಡಿಗೆಯವಳು.

ಕೇಳದೆ ಉಣ್ಣುವ ಅವರ ಆ ನಂಬಿಕೆಯನ್ನು ಕಳೆದುಕೊಂಡ ಮೇಲೆಯೇ ಅದು ನನ್ನಲ್ಲಿತ್ತೆಂದು ತಿಳಿದದ್ದು. ಅದು ನನಗೆ ವಾಪಸು ಬೇಕಿತ್ತು. ಕೇಳಿ ಪಡೆಯುವ ವಸ್ತುವಲ್ಲವಾದ್ದರಿಂದ ಹೇಗೆ ಪಡೆಯುವುದೆಂದು ತೋಚದೆ ನಾನು ಮತ್ತೆ ಡೋನಟ್ಟಿಗೇ ಹೋದೆ. ಬುದ್ಧಿಯಿಲ್ಲದವಳ ಕೆಲಸ ಎನ್ನಿ. ಗೂಡಲೂರಿನ ಟೀಚರಿಗೆ ಚೀಟಿ ತೋರಿಸಿ, ಮೊಟ್ಟೆಯಿಲ್ಲದೆ ಎಷ್ಟು ಸಲ ಮಾಡಿದರೂ ಒಡೆಯುತ್ತದೆ ಎಂದೆ. ಅವರು ಚೀಟಿ ನೋಡಿ, ಎರಡು ಚಮಚ ಪೌಡರನ್ನು ಹಾಗೇ ಹಾಕುತ್ತೀರಾ ಎಂದು ಕೇಳಿದರು. ಹೌದೆಂದಾಗ ಹಣೆ ಚಚ್ಚಿಕೊಂಡರು. ಅದು ಅವರ ಮನೆಯ ಅಳತೆಯಂತೆ, ಗೂಡಲೂರು ಅರ್ಧ ಬೆಟ್ಟ. ಮೇಲಕ್ಕೆ ಹೋದಷ್ಟೂ ಗಾಳಿ ತೆಳು, ಹಿಟ್ಟು ತಾನಾಗಿಯೇ ಜಾಸ್ತಿ ಉಬ್ಬುತ್ತದೆ, ಕಟ್ಟಬೆಟ್ಟಿನಲ್ಲಿ ಮುಕ್ಕಾಲು ಚಮಚ ಸಾಕು ಎಂದರು. ಹಾಗಾದರೆ ಮೊಟ್ಟೆ ಹಾಕಿದಾಗ ಹೇಗೆ ಸರಿಯಾಯಿತು ಎಂದೆ. ಪೌಡರು ಒಡೆಯಲು ನೋಡುವ ಹಿಟ್ಟನ್ನು ಮೊಟ್ಟೆ ಕಷ್ಟಪಟ್ಟು ಹಿಡಿದುಕೊಂಡಿರುತ್ತದೆ, ಅಷ್ಟೇ ಎಂದರು.

ಇಷ್ಟೇ ಆಗಿತ್ತು. ಪೌಡರನ್ನು ಕಡಿಮೆ ಹಾಕಿದ್ದರೆ ಮೊಟ್ಟೆ ಬೇಕೇ ಇರಲಿಲ್ಲ. ನಾನು ಒಡೆದಾಗಲೆಲ್ಲ ಏನನ್ನಾದರೂ ಹೆಚ್ಚಿಸುತ್ತಲೇ ಹೋಗಿದ್ದೆ, ತೆಗೆಯಬೇಕೆಂದು ಒಮ್ಮೆಯೂ ಹೊಳೆಯಲಿಲ್ಲ. ಬಸ್ಸಿನಲ್ಲಿ ಕಿಟಕಿಗೆ ತಲೆ ಆನಿಸಿ, ಯಾರಿಗೂ ಕಾಣದಂತೆ ಕಣ್ಣೀರು ಹಾಕಿದೆ.

ಆ ಭಾನುವಾರ ಮುಕ್ಕಾಲು ಚಮಚ ಪೌಡರು, ಗಟ್ಟಿ ಮೊಸರು. ಕಲಸಿದ ಹಿಟ್ಟನ್ನು ಮುಚ್ಚಿಟ್ಟು ಒಂದು ಗಂಟೆ ಮುಟ್ಟಬಾರದು ಎಂದು ಟೀಚರು ಹೇಳಿದ್ದರು. ಆ ಒಂದು ಗಂಟೆ ನನ್ನ ಜೀವ ತಿಂದಿತು. ಅಂಗಳ ಗುಡಿಸಿದೆ, ಗುಡಿಸಿದ್ದನ್ನೇ ಗುಡಿಸಿದೆ. ಎಣ್ಣೆಗೆ ಬಿಟ್ಟಾಗ ಡೋನಟ್ ಮುಳುಗಿ ಎದ್ದು, ಬಿರುಕು ಬಿಟ್ಟು, ಇಡಿಯಾಗಿ ನಿಂತಿತು. ಅತ್ತೆ ಕೇಳುವ ಮೊದಲೇ ನಾನು ಮೈದಾ, ಸಕ್ಕರೆ, ಬೆಣ್ಣೆ, ಮೊಸರು, ಜಾಯಿಕಾಯಿ, ಪೌಡರು, ಉಪ್ಪು ಎಂದು ಒಪ್ಪಿಸಿದೆ. ಅವರು ಪೂರ್ತಿ ಕೇಳಿಸಿಕೊಂಡು, ಆಮೇಲೂ ಕೇಳಿದರು. ಮತ್ತೆ ಮೊದಲಿನಿಂದ ಹೇಳಿದೆ. ಒಂದು ತಿಂದರು. ಚೆನ್ನಾಗಿದೆ ಎಂದರು, ಲಿಂಗಕ್ಕೆ ತೋರಿಸಲಿಲ್ಲ.

ಹೀಗೆ ವರ್ಷವೊಂದು ಕಳೆದು ಮತ್ತೆ ಶ್ರಾವಣ ಬಂದು ಹೋಯಿತು. ದಿನಕ್ಕೆ ಮೂರು ಸಲ ಆ ಪ್ರಶ್ನೆ, ಮೂರು ಸಲ ಉತ್ತರ. ಕೊನೆಕೊನೆಗೆ ನನಗೆ ಸಿಟ್ಟೂ ಬರುತ್ತಿರಲಿಲ್ಲ. ತಟ್ಟೆ ಇಡುವಾಗಲೇ ಬಾಯಿ ತಾನಾಗಿ ಪಟ್ಟಿ ಹೇಳುತ್ತಿತ್ತು.

ಕಳೆದ ಕಾರ್ತಿಕದಲ್ಲಿ ನಂಜನಾಡಿನಿಂದ ಅತ್ತೆಯ ಅಕ್ಕ ಬಂದಿದ್ದರು. ಅತ್ತೆಗಿಂತ ಆರು ವರ್ಷ ದೊಡ್ಡವರು, ನೇಮದಲ್ಲಿ ಅತ್ತೆಯನ್ನೂ ಮೀರಿಸಿದವರು, ಬೇರೆಯವರ ಮನೆಯಲ್ಲಿ ನೀರು ಕುಡಿಯುವುದಕ್ಕೂ ಯೋಚಿಸುವವರು. ಭಾನುವಾರ ಬೆಳಿಗ್ಗೆ ಅತ್ತೆಯೇ ಡೋನಟ್ ಮಾಡು ಎಂದರು. ಮಾಡಿ, ತಟ್ಟೆಯನ್ನು ಇಬ್ಬರ ನಡುವೆ ಇಟ್ಟು ಬಾಯಿ ತೆರೆಯುವಷ್ಟರಲ್ಲಿ ದೊಡ್ಡಮ್ಮ ತಟ್ಟೆಯನ್ನು ಬೆರಳ ತುದಿಯಿಂದ ಆಚೆ ಸರಿಸಿದರು.

"ಇದು ಬೇಕ್ರಿ ತಿಂಡಿ ಅಲ್ವ? ಮೊಟ್ಟೆ ಗಿಟ್ಟೆ ಇರ್ತದ. ನನ್ಗ ಬ್ಯಾಡ" ಅಂದರು.

ಅತ್ತೆ ನನ್ನ ಕಡೆ ನೋಡಲಿಲ್ಲ.

"ನನ್ ಸೊಸೆ ಮಾಡಿರೋದು. ಇದ್ರೊಳಗ ಅದೆಲ್ಲ ಇಲ್ಲ. ತಿನ್ನಕ್ಕ" ಅಂದರು. ಸೆರಗು ಸರಿಸಿ ಕರಡಿಗೆಗೆ ಕೈ ಹಾಕಿದರು.

ಅವತ್ತು ಅವರು ನನ್ನನ್ನು ಏನೂ ಕೇಳಿರಲಿಲ್ಲ. ಬೆಳಿಗ್ಗೆಯಿಂದ ಒಂದು ಸಲವೂ ಕೇಳಿರಲಿಲ್ಲ ಎಂದು ನನಗೆ ಆಗಲೇ ಹೊಳೆದದ್ದು. ಮುಚ್ಚಳ ತೆಗೆದರು, ವಸ್ತ್ರ ಬಿಡಿಸಿದರು. ಹಿಂದಿನ ಸಲದಷ್ಟೇ ಹೊತ್ತು ಹಿಡಿಯಿತು. ಲಿಂಗಕ್ಕೆ ತೋರಿಸಿ, ಮುರಿದು, ಅರ್ಧವನ್ನು ಅಕ್ಕನ ಕೈಗಿಟ್ಟು ತಾವು ಅರ್ಧ ತಿಂದರು.

ಇಷ್ಟಕ್ಕಾಗಿ ತಾನೆ ನಾನು ವರ್ಷವಿಡೀ ಒದ್ದಾಡಿದ್ದು? ನಾನು ಅಲ್ಲಿ ನಿಂತು ಕಣ್ತುಂಬ ನೋಡಬೇಕಿತ್ತು. ಆಗಲಿಲ್ಲ. ಅವರು ಕರಡಿಗೆಯ ಮುಚ್ಚಳಕ್ಕೆ ಕೈ ಹಾಕಿದಾಗಲೇ ಅಡಿಗೆಮನೆಗೆ ಓಡಿ, ಕನ್ನಡಕ ಹಾಕಿಕೊಂಡು ಬೆಣ್ಣೆಯ ಪೊಟ್ಟಣದ ಹಿಂದಿನ ಸಣ್ಣ ಅಕ್ಷರ ಓದಿದೆ. ಪೌಡರಿನ ಡಬ್ಬಿಯ ಮೇಲಿನದು ಓದಿದೆ. ಮೈದಾದ ಚೀಲವನ್ನೂ ಬಿಡಲಿಲ್ಲ. ಬಾಗಿಲ ಸಂದಿಯಿಂದ ಅವರು ಮುರಿಯುವುದು, ಕೊಡುವುದು, ತಿನ್ನುವುದು ಕಾಣುತ್ತಿತ್ತು. ಅವರು ಕೇಳುತ್ತಿದ್ದಷ್ಟು ದಿನ ನಾನು ಹೇಳಿ ಕೈತೊಳೆದುಕೊಳ್ಳುತ್ತಿದ್ದೆ. ಕೇಳದ ದಿನ ಕೇಳುವವಳು ನಾನೇ ಆದೆ.

ಎಲ್ಲ ಸರಿಯಿತ್ತು. ಆದರೂ ಬೆಣ್ಣೆಯ ಪೊಟ್ಟಣವನ್ನು ಕಿಟಕಿಯ ಬೆಳಕಿಗೆ ಹಿಡಿದು ಇನ್ನೊಮ್ಮೆ ಓದಿದೆ.